ಬೊಂಬೆ ಗಾಡಿಗೂ ಕಡಾಣಿ ಬೇಕು

ಒಣಗಿದ ಜೋಳದ ದಂಟನ್ನು ಸೀಳಿ, ಹೊರಗಿನ ಸಿಪ್ಪೆಯಿಂದ ಮೂಕಿ ಮತ್ತು ಅಚ್ಚು, ಒಳಗಿನ ಬೆಂಡಿನಿಂದ ಗಾಲಿ ಮಾಡಿ, ಜಾಲಿಮುಳ್ಳು ಚುಚ್ಚಿ ಅವನ್ನೆಲ್ಲ ಸೇರಿಸಿ ಗಾಡಿ ಕಟ್ಟುವುದು ನಮ್ಮ ಹಳ್ಳಿಗಳ ಹಳೆಯ ಆಟ. ದಂಟು ಸಿಗದಿದ್ದರೆ ತೆಂಗಿನ ಗರಿ, ಬಿದಿರ ಸೀಳು, ಸವೆದ ಹವಾಯಿ ಚಪ್ಪಲಿಯಿಂದ ಕೊರೆದ ಗಾಲಿ. ಈ ಗಾಡಿಗಳಲ್ಲಿ ಗಮನಿಸಬೇಕಾದ ಒಂದು ಸಂಗತಿಯಿತ್ತು. ಅಚ್ಚಿನ ತುದಿಗೆ ಅಡ್ಡಲಾಗಿ ಒಂದು ಮುಳ್ಳು ಚುಚ್ಚದಿದ್ದರೆ ಗಾಲಿ ನಾಲ್ಕು ಹೆಜ್ಜೆಗೆ ಕಳಚಿ ಬೀಳುತ್ತಿತ್ತು. ಆ ಮುಳ್ಳೇ ಅದರ ಕಡಾಣಿ. ಹೊಲದಲ್ಲಿ ಓಡಾಡುವ ದೊಡ್ಡ ಗಾಡಿಯ ಇರುಸಿನ ತುದಿಯಲ್ಲಿ ಗಾಲಿಯನ್ನು ತಡೆದು ನಿಲ್ಲಿಸುವ ಕಬ್ಬಿಣದ ಕೀಲನ್ನು ಕಂಡಿದ್ದ ಹುಡುಗ ಅದರ ಕೆಲಸವನ್ನು ಯಾರೂ ಹೇಳಿಕೊಡದೆ ತಿಳಿದುಕೊಂಡಿದ್ದ.

ಅಂಗಡಿಯ ಗಾಡಿಯ ರೀತಿ ಬೇರೆ. ದಸರೆಯ ಬೊಂಬೆ ಹಬ್ಬದ ಮೆಟ್ಟಿಲಿನ ಮೇಲೆ ಕೂರುವ ಬಣ್ಣದ ಗಾಡಿಯನ್ನು ನೋಡಿದರೆ ಸಾಮಾನ್ಯವಾಗಿ ಗಾಲಿಗಳು ಅರೆಗಳಿಲ್ಲದ ದುಂಡು ಬಿಲ್ಲೆಗಳು. ಚನ್ನಪಟ್ಟಣದ ಕುಶಲಕರ್ಮಿಗಳು ಹಾಲೆ ಮರವನ್ನು ಕಡೆಯುವ ಯಂತ್ರಕ್ಕೆ ಕೊಟ್ಟು, ತಿರುಗುತ್ತಿರುವಾಗಲೇ ಅರಗಿನ ಬಣ್ಣ ಒತ್ತಿ ಆಟಿಕೆ ಮಾಡುತ್ತಾರೆ. ಕಡೆತದಲ್ಲಿ ಬಿಲ್ಲೆ ಸುಲಭ. ಅರೆಗಳಿರುವ ಚಕ್ರ ಬೇರೆಯದೇ ಕೆಲಸ. ಮಗುವಿನ ಕೈಗೆ ಅಷ್ಟು ಸಾಕು, ಆ ಆಟಿಕೆಯ ಚೆಲುವೂ ಅದರಲ್ಲೇ ಇದೆ. ಆದರೆ ಅದನ್ನು ನೋಡಿ ಗಾಡಿ ಹೇಗಿತ್ತೆಂದು ಮುಂದೊಂದು ದಿನ ಯಾರೂ ಹೇಳಲಾರರು. ಗಾಡಿಯ ಆಕಾರವನ್ನು ಆಟಿಕೆ ಉಳಿಸುತ್ತದೆ. ಗಾಡಿ ಹೇಗೆ ನಿಂತಿತ್ತು, ಹೇಗೆ ಉರುಳುತ್ತಿತ್ತು ಎಂಬುದನ್ನು ಉಳಿಸುವುದು ಅದಕ್ಕೆ ಸೇರಿಸಿದ ಸಣ್ಣ ವಿವರಗಳು. ಎತ್ತಿನ ಗಾಡಿಯೇ ಕಣ್ಮರೆಯಾಗುತ್ತಿರುವ ಈ ದಿನಗಳಲ್ಲಿ ಈ ವ್ಯತ್ಯಾಸಕ್ಕೆ ಹೊಸ ಅರ್ಥ ಬಂದಿದೆ.

ಗೀಚಿದ ಗೆರೆಯಿಂದ

ಕೊಂಡು ತಂದ ಬಿಡಿಭಾಗಗಳನ್ನು ನೆಚ್ಚದೆ, ಕೈಗೆ ಸಿಕ್ಕ ಸಾಮಗ್ರಿಯಿಂದಲೇ ಪ್ರತಿಕೃತಿಯ ಭಾಗಗಳನ್ನು ಮಾಡುವುದಕ್ಕೆ ಪಶ್ಚಿಮದ ಹವ್ಯಾಸಿಗಳು ‘ಸ್ಕ್ರ್ಯಾಚ್ ಬಿಲ್ಟ್’ ಎನ್ನುತ್ತಾರೆ. ಸ್ಕ್ರ್ಯಾಚ್ ಎಂದರೆ ಗೀಚಿದ ಗೆರೆ. ಓಟದ ಪಂದ್ಯದಲ್ಲಿ ಯಾವ ರಿಯಾಯಿತಿಯೂ ಇಲ್ಲದವನು ನೆಲದ ಮೇಲೆ ಗೀಚಿದ ಗೆರೆಯಿಂದಲೇ ಹೊರಡಬೇಕಾಗಿತ್ತು. ಅಲ್ಲಿಂದ ಈ ಮಾತು ‘ಮೊದಲಿನಿಂದ, ಬರಿಗೈಯಿಂದ’ ಎಂಬ ಅರ್ಥಕ್ಕೆ ತಿರುಗಿತು. ದಂಟಿನ ಗಾಡಿ ಕಟ್ಟಿದ ಹುಡುಗರೆಲ್ಲ ಈ ಅರ್ಥದಲ್ಲಿ ಗೆರೆಯಿಂದ ಹೊರಟವರೇ.

ದೊಡ್ಡವರು ಈ ಕೆಲಸವನ್ನು ಎಷ್ಟು ಗಂಭೀರವಾಗಿ ಮಾಡಬಹುದು ಎಂಬುದಕ್ಕೆ ಅಮೆರಿಕದ ಡ್ರ್ಯಾಗ್ ರೇಸ್ ಕಾರುಗಳ ಪ್ರತಿಕೃತಿಗಳು ಒಳ್ಳೆಯ ನಿದರ್ಶನ. ಡ್ರ್ಯಾಗ್ ರೇಸ್ ಎಂದರೆ ತಿರುವಿಲ್ಲದ ನೇರ ಹಾದಿಯಲ್ಲಿ ಎರಡು ಕಾರುಗಳು ನಿಂತಲ್ಲಿಂದ ಹೊರಟು ಕಾಲು ಮೈಲಿ, ಅಂದರೆ ಸುಮಾರು 402 ಮೀಟರ್, ಓಡುವ ಪಂದ್ಯ. ಊರ ಹೊರಗಿನ ಬಯಲಿನಲ್ಲಿ ನಡೆಯುವ ಜೋಡೆತ್ತಿನ ಗಾಡಿ ಓಟ ನೋಡಿದವರಿಗೆ ಇದರ ಸೊಗಸು ಬೇಗ ತಿಳಿಯುತ್ತದೆ: ಕೆಲವೇ ಕ್ಷಣಗಳ ಓಟ, ಅದಕ್ಕಾಗಿ ತಿಂಗಳುಗಟ್ಟಲೆ ಸಿದ್ಧತೆ. ಎರಡನೆಯ ಮಹಾಯುದ್ಧದ ಆಸುಪಾಸಿನಲ್ಲಿ ಕ್ಯಾಲಿಫೋರ್ನಿಯಾದ ಒಣಗಿದ ಕೆರೆಯಂಗಳಗಳಲ್ಲಿ, ಬಳಕೆ ತಪ್ಪಿದ ವಿಮಾನದ ಹಾದಿಗಳಲ್ಲಿ ಬೆಳೆದ ಈ ಹುಚ್ಚಿಗೆ 1951ರಲ್ಲಿ ವಾಲಿ ಪಾರ್ಕ್ಸ್ ನ್ಯಾಷನಲ್ ಹಾಟ್ ರಾಡ್ ಅಸೋಸಿಯೇಷನ್ ಎಂಬ ಸಂಸ್ಥೆ ಕಟ್ಟಿ ಒಂದು ಕ್ರಮ ತಂದರು. ಅತಿ ವೇಗದ ವರ್ಗಗಳಿಗೆ 2008ರಲ್ಲಿ ದೂರವನ್ನು 1000 ಅಡಿಗೆ ಇಳಿಸಲಾಯಿತು. ಆ ವರ್ಷ ಓಟದಲ್ಲೇ ಚಾಲಕನೊಬ್ಬ ಸತ್ತದ್ದು ಅದಕ್ಕೆ ಕಾರಣ.

ಈ ಕಾರುಗಳ ಪ್ರತಿಕೃತಿಗಳು ಪ್ಲಾಸ್ಟಿಕ್ ಬಿಡಿಭಾಗಗಳ ಪೆಟ್ಟಿಗೆಯಾಗಿ ಬಂದವು. 1950ರ ದಶಕದ ಕೊನೆಗೆ ಎಎಂಟಿ ಎಂಬ ಕಂಪನಿ ಒಂದೇ ಪೆಟ್ಟಿಗೆಯಿಂದ ಮೂರು ಬಗೆಯಾಗಿ ಕಟ್ಟಬಹುದಾದ ಕಾರುಗಳನ್ನು ಮಾರುಕಟ್ಟೆಗೆ ಬಿಟ್ಟಿತು. ಅಳತೆ 25ಕ್ಕೆ 1; ಐದು ಮೀಟರಿನ ಕಾರು 20 ಸೆಂಟಿಮೀಟರ್ ಆಗುತ್ತದೆ. ಕಾಲು ಮೈಲಿಯ ಹಾದಿಯನ್ನೇ ಈ ಅಳತೆಗೆ ಇಳಿಸಿದರೆ 16 ಮೀಟರ್, ಒಂದು ದೊಡ್ಡ ಮನೆಯ ಹಜಾರದಿಂದ ಹಿತ್ತಿಲಿನವರೆಗಿನ ದೂರ.

ಪೆಟ್ಟಿಗೆಯಲ್ಲಿ ಸಿಗುವ ಎಂಜಿನ್ ಬಹುಮಟ್ಟಿಗೆ ಬೋಳಾಗಿರುತ್ತದೆ. ಕಿಡಿ ಹೊತ್ತಿಸುವ ಪ್ಲಗ್ಗುಗಳಿಗೆ ತಂತಿಯಿಲ್ಲ, ಇಂಧನ ಸಾಗಿಸುವ ಕೊಳವೆಯಿಲ್ಲ, ಚಾಲಕನ ಬೆಲ್ಟಿಗೆ ಬಕಲ್ ಇಲ್ಲ. ಹವ್ಯಾಸಿಯ ಕೆಲಸ ಶುರುವಾಗುವುದು ಅಲ್ಲಿಂದ. ನಿಜವಾದ ಪ್ಲಗ್ ತಂತಿಯ ದಪ್ಪ ಏಳೆಂಟು ಮಿಲಿಮೀಟರ್ ಇದ್ದರೆ, 25ರಿಂದ ಭಾಗಿಸಿದಾಗ ಮಿಲಿಮೀಟರಿನ ಮೂರನೆಯ ಒಂದು ಭಾಗದಷ್ಟೂ ಉಳಿಯುವುದಿಲ್ಲ. ಅಷ್ಟು ತೆಳುವಾದದ್ದನ್ನು ಹುಡುಕಿ ಗುಜರಿ ರೇಡಿಯೊ, ಟೆಲಿಫೋನುಗಳ ಹೊಟ್ಟೆ ಬಗೆಯುತ್ತಾರೆ. ಬೆಸುಗೆ ಹಾಕುವ ಸೀಸದ ತಂತಿ ಕೊಳವೆಯಾಗುತ್ತದೆ, ಗಿಟಾರಿನ ಸುರುಳಿ ತಂತಿ ಹೆಣೆದ ಕೊಳವೆಯಂತೆ ಕಾಣುತ್ತದೆ, ಗುಂಡುಸೂಜಿಯ ತಲೆ ಬೋಲ್ಟ್ ಆಗುತ್ತದೆ, ತಗಡಿನ ಕಾಗದದ ಪಟ್ಟಿ ಬೆಲ್ಟ್ ಆಗುತ್ತದೆ. ತಂತಿಯ ಎಣಿಕೆಯೂ ಸುಮ್ಮನಲ್ಲ. ಎಂಟು ಸಿಲಿಂಡರಿನ ಹಳೆಯ ಎಂಜಿನ್ನಿಗೆ ಎಂಟು ತಂತಿ ಸಾಕಾಗುತ್ತಿತ್ತು. ಇಂದಿನ ಟಾಪ್ ಫ್ಯೂಯೆಲ್ ವರ್ಗದ ಎಂಜಿನ್ನಿನಲ್ಲಿ ಪ್ರತಿ ಸಿಲಿಂಡರಿಗೆ ಎರಡು ಪ್ಲಗ್, ಹಾಗಾಗಿ 16 ತಂತಿ. ಎಣಿಕೆ ತಪ್ಪಿದರೆ ಕಾರಿನ ಕಾಲವೇ ತಪ್ಪಿದ ಹಾಗೆ.

ಹೀಗೆ ಕಾಲವನ್ನು ಹೇಳುವ ವಿವರಕ್ಕೆ ಎಲ್ಲಕ್ಕಿಂತ ಪ್ರಸಿದ್ಧ ಉದಾಹರಣೆ ಎಂಜಿನ್ನಿನ ಜಾಗ. 1970ರ ಮಾರ್ಚ್ 8ರಂದು ಕ್ಯಾಲಿಫೋರ್ನಿಯಾದ ಲಯನ್ಸ್ ಓಟದ ಹಾದಿಯಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ಚಾಲಕನ ಕಾಲ ಬಳಿಯೇ ಗೇರ್ ಭಾಗ ಸಿಡಿದು ಕಾರು ಎರಡು ತುಂಡಾಯಿತು. ಅವರ ಬಲ ಪಾದದ ಒಂದು ಭಾಗ ಹೋಯಿತು. ಆವರೆಗೆ ಎಂಜಿನ್ ಮುಂದೆ, ಚಾಲಕ ಹಿಂದೆ. ಚೇತರಿಸಿಕೊಂಡ ಗಾರ್ಲಿಟ್ಸ್ ಎಂಜಿನ್ನನ್ನು ತಮ್ಮ ಬೆನ್ನ ಹಿಂದಿಟ್ಟು ಕಾರು ಕಟ್ಟಿ 1971ರ ಆರಂಭದಲ್ಲೇ ದೊಡ್ಡ ಪಂದ್ಯವೊಂದನ್ನು ಗೆದ್ದರು. ಇಂಥ ಪ್ರಯತ್ನ ಮೊದಲೂ ನಡೆದಿತ್ತಾದರೂ ಆ ಗೆಲುವಿನ ನಂತರ ಕೆಲವೇ ವರ್ಷಗಳಲ್ಲಿ ಆ ವರ್ಗದ ಕಾರುಗಳೆಲ್ಲ ಅದೇ ದಾರಿ ಹಿಡಿದವು. ಓಟದ ಕಾರಿನ ಮೇಲಿನ ಅನೇಕ ಸಣ್ಣ ವಸ್ತುಗಳ ಹಿಂದೆ, ತಲೆ ಕಾಯುವ ಕೊಳವೆಯ ಪಂಜರವಿರಲಿ, ಹಿಂದೆ ಬಿಚ್ಚಿಕೊಳ್ಳುವ ಪ್ಯಾರಾಚೂಟ್ ಇರಲಿ, ಇಂಥದೇ ಒಂದು ಪೆಟ್ಟು ಅಥವಾ ಒಂದು ಪಾಠ ಇದೆ. ಅವನ್ನು ಬರಿಗೈಯಲ್ಲಿ ಮಾಡಲು ಕೂತವನು ಮೊದಲು ಅದು ಯಾಕೆ ಬಂತೆಂದು ಕೇಳಿ ತಿಳಿಯಬೇಕಾಗುತ್ತದೆ.

ಮಣ್ಣಿನ ಬಂಡಿ, ಕಲ್ಲಿನ ರಥ

ಸಣ್ಣ ವಾಹನ ದೊಡ್ಡ ವಾಹನದ ಸಾಕ್ಷಿಯಾಗುವುದು ನಮ್ಮಲ್ಲಿ ಹೊಸದೇನಲ್ಲ. ಹರಪ್ಪ, ಮೊಹೆಂಜೊದಾರೊ, ಚನ್ಹುದಾರೊಗಳಲ್ಲಿ ಸಿಕ್ಕ ಸುಟ್ಟ ಮಣ್ಣಿನ ಪುಟ್ಟ ಗಾಡಿಗಳು ನಾಲ್ಕು ಸಾವಿರ ವರ್ಷಗಳಿಗೂ ಹಿಂದಿನವು. ಸಿಂಧೂ ಜನರ ಮರದ ಗಾಡಿಗಳು ಮಣ್ಣಾಗಿ ಹೋದವು; ಅವು ಹೇಗಿದ್ದವೆಂದು ವಿದ್ವಾಂಸರು ಬಹುಮಟ್ಟಿಗೆ ಊಹಿಸಿರುವುದು ಈ ಆಟಿಕೆಗಳಿಂದಲೇ. ಆ ಮಣ್ಣಿನ ಚೌಕಟ್ಟುಗಳ ಅಂಚಿನಲ್ಲಿ ಸಾಲಾಗಿ ಸಣ್ಣ ತೂತುಗಳಿವೆ. ಕಡ್ಡಿಗಳು ಎಂದೋ ಕೊಳೆತುಹೋಗಿದ್ದರೂ ಗಾಡಿಯ ಎರಡು ಬದಿಗೆ ಗೂಟಗಳ ತಡೆ ಇತ್ತೆಂಬುದನ್ನು ಆ ತೂತುಗಳು ಹೇಳುತ್ತವೆ. ಯಾವನೋ ಕುಂಬಾರ ಹಸಿ ಮಣ್ಣಿಗೆ ಕಡ್ಡಿ ಚುಚ್ಚುವ ಶ್ರಮ ತೆಗೆದುಕೊಳ್ಳದಿದ್ದರೆ ಅಷ್ಟು ಚರಿತ್ರೆ ಕಡಿಮೆಯಾಗುತ್ತಿತ್ತು. ಮಹಾರಾಷ್ಟ್ರದ ದೈಮಾಬಾದಿನಲ್ಲಿ 1974ರಲ್ಲಿ ಸಿಕ್ಕ ಸುಮಾರು 45 ಸೆಂಟಿಮೀಟರ್ ಉದ್ದದ ಕಂಚಿನ ರಥದಲ್ಲಿ ಜೋಡೆತ್ತು, ನೊಗ, ಉದ್ದನೆಯ ಮೂಕಿ, ನಿಂತ ಸಾರಥಿ ಎಲ್ಲವೂ ಇವೆ.

ಸಾಹಿತ್ಯಕ್ಕೂ ಈ ಪುಟ್ಟ ಬಂಡಿ ಬಂದಿದೆ. ಶೂದ್ರಕನ ‘ಮೃಚ್ಛಕಟಿಕ’ ನಾಟಕಕ್ಕೆ ಹೆಸರು ಕೊಟ್ಟಿರುವುದೇ ಚಾರುದತ್ತನ ಮಗ ರೋಹಸೇನನ ಮಣ್ಣಿನ ಗಾಡಿ. ನೆರೆಮನೆಯ ಮಗುವಿನ ಚಿನ್ನದ ಗಾಡಿ ಬೇಕೆಂದು ಹಟ ಹಿಡಿದ ಅವನ ಮಣ್ಣಿನ ಗಾಡಿಯಲ್ಲಿ ವಸಂತಸೇನೆ ತನ್ನ ಒಡವೆಗಳನ್ನು ತುಂಬುತ್ತಾಳೆ. ಕಥೆಯ ಗಂಟು ಬಿಗಿಯುವುದೂ ಬಿಚ್ಚುವುದೂ ಅದರಿಂದಲೇ.

ಹಂಪೆಯ ವಿಠ್ಠಲ ದೇವಾಲಯದ ಕಲ್ಲಿನ ರಥವೂ ಒಂದು ದೃಷ್ಟಿಯಿಂದ ಪ್ರತಿಕೃತಿಯೇ. ಮರದ ತೇರಿನ ರೂಪವನ್ನು ಕಲ್ಲಿಗೆ ಇಳಿಸಿದ ಗರುಡನ ಗುಡಿ ಅದು. 50 ರೂಪಾಯಿಯ ನೋಟಿನ ಹಿಂಬದಿಯಲ್ಲಿ ಎಲ್ಲರೂ ಕಂಡದ್ದು. ಈಗ ಅದರ ಮುಂದೆ ಆನೆಗಳಿವೆ. ಹತ್ತಿರ ಹೋಗಿ ನೋಡಿದರೆ ಆನೆಗಳ ಹಿಂದೆ ಕುದುರೆಗಳ ಹಿಂಗಾಲುಗಳ ಕೆತ್ತನೆ ಉಳಿದಿರುವುದು ಕಾಣುತ್ತದೆ. ಮೊದಲು ಅಲ್ಲಿದ್ದವು ಕುದುರೆಗಳು, ಆನೆಗಳನ್ನು ಆಮೇಲೆ ತಂದಿಟ್ಟದ್ದು ಎಂದು ಹೇಳಲು ಆ ಅಷ್ಟು ತುಣುಕು ಸಾಕು.

ಹುಣಸೂರಿನ ಮರದಂಗಳ

ಇಂಥ ಸಾಕ್ಷಿ ಈಗ ಬೇಕಾಗಿರುವುದು ನಮ್ಮದೇ ಎತ್ತಿನ ಗಾಡಿಗೆ. ಅದರ ಚರಿತ್ರೆಯ ಒಂದು ಮುಖ್ಯ ಅಧ್ಯಾಯ ಲಕ್ಷ್ಮಣತೀರ್ಥದ ದಡದ ಹುಣಸೂರಿನಲ್ಲಿದೆ. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ‘ಬೆಣ್ಣೆ ಚಾವಡಿ’ ಎನಿಸಿದ್ದ ಅರಮನೆಯ ದನಗಳ ಇಲಾಖೆ ಹೈದರನ ದಂಡಿನಲ್ಲಿ ಫಿರಂಗಿ ಎಳೆಯುವ ಎತ್ತುಗಳನ್ನು ಒದಗಿಸಿತು. ಟಿಪ್ಪು ಅದಕ್ಕೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಈ ತಳಿಯ ಬೆಲೆ ಕಂಪನಿ ಸರ್ಕಾರಕ್ಕೆ ತಿಳಿಯಲು ತಡವಾಗಲಿಲ್ಲ. ಮದರಾಸು ಸೇನೆಯ ಸರಬರಾಜು ಇಲಾಖೆ ಇದನ್ನು ತನ್ನ ಕೈಗೆ ತೆಗೆದುಕೊಂಡಿತು, ಹುಣಸೂರು ಅದರ ಕೇಂದ್ರವಾಯಿತು.

ಎತ್ತು ಇದ್ದಲ್ಲಿ ಅದರ ಸುತ್ತಲಿನ ಕಸುಬುಗಳೂ ಬೇಕು. ಹುಣಸೂರಿನಲ್ಲಿ ತೊಗಲು ಹದ ಮಾಡುವ ಕಾರ್ಖಾನೆ, ಕಂಬಳಿ ನೇಯುವ ಕಾರ್ಖಾನೆ, ಮರದ ಕೆಲಸದ ದೊಡ್ಡ ಅಂಗಳ ಎದ್ದವು. ಸೇನೆಯ ಈ ಕಾರ್ಖಾನೆಗಳನ್ನು 1864ರಲ್ಲಿ ಮುಚ್ಚಲಾಯಿತು. ಆದರೆ ಕಲಿತ ಕೈಗಳು ಊರಿನಲ್ಲೇ ಉಳಿದವು. ಅಲ್ಲಿನ ತೊಗಲು, ಕಂಬಳಿಯ ಕೆಲಸದಲ್ಲಿ ಆ ತರಬೇತಿಯ ಗುರುತು ಉಳಿದಿದೆಯೆಂದು ಹಳೆಯ ಗೆಜೆಟಿಯರ್‌ಗಳು ದಾಖಲಿಸಿವೆ. ಅಲ್ಲಿ ಗಾಡಿಗಳೂ ತಯಾರಾಗುತ್ತಿದ್ದವು.

ಈ ಕಸುಬು ಅಲ್ಲಿ ನೆಲೆಗೊಂಡದ್ದಕ್ಕೆ ಭೂಗೋಳದ ನೆರವೂ ಇತ್ತು. ದಕ್ಷಿಣಕ್ಕೆ ಹೆಗ್ಗಡದೇವನಕೋಟೆಯ ಕಾಡು: ಕಾಕನಕೋಟೆಯ ಕಡೆಯಿಂದ ತೇಗ, ಹೊನ್ನೆ, ಮತ್ತಿ, ದಿಂಡಿಗ. ದಿಂಡಿಗದ ಗಟ್ಟಿತನ ಕಂಡು ಇಂಗ್ಲಿಷರು ಅದಕ್ಕೆ ‘ಅಚ್ಚಿನ ಮರ’ ಎಂಬರ್ಥದ ಹೆಸರನ್ನೇ ಕೊಟ್ಟರು. ಪಶ್ಚಿಮಕ್ಕೆ ಪಿರಿಯಾಪಟ್ಟಣದ ಮೇಲೆ ಮಡಿಕೇರಿಗೆ ಹೋಗುವ ಹೆದ್ದಾರಿ, ಇನ್ನೊಂದು ಕವಲು ಗೋಣಿಕೊಪ್ಪ, ವಿರಾಜಪೇಟೆಗಳ ಮೇಲೆ ಮಲಬಾರಿಗೆ. ಕೊಡಗಿನ ಕಾಫಿ, ಘಟ್ಟದ ಕೆಳಗಿನ ಉಪ್ಪು ಓಡಾಡಲು ಗಾಡಿ ಬೇಕೇ ಬೇಕು. ಉತ್ತರಕ್ಕೆ ಕಾವೇರಿ ಬಯಲಿನ ಕೃಷ್ಣರಾಜನಗರ ಸೀಮೆ. ಅಲ್ಲಿನ ಚುಂಚನಕಟ್ಟೆಯಲ್ಲಿ ಸಂಕ್ರಾಂತಿಯ ಆಸುಪಾಸಿಗೆ ಸೇರುವ ದನಗಳ ಜಾತ್ರೆ ಹಳ್ಳಿಕಾರ್ ಜೋಡಿಗಳಿಗೆ ಹೆಸರುವಾಸಿ. ಕಾಡು ಮರ ಕೊಟ್ಟಿತು, ಜಾತ್ರೆ ಎತ್ತು ಕೊಟ್ಟಿತು, ಹೆದ್ದಾರಿ ಹೊರೆ ಕೊಟ್ಟಿತು. ಗಾಡಿ ಕಟ್ಟುವ ಆಚಾರಿ ಇವುಗಳ ನಡುವೆ ಇದ್ದ.

ಚಕ್ರದ ಲೆಕ್ಕ

ಈ ಗಾಡಿಯನ್ನು 25ಕ್ಕೆ 1ರ ಅಳತೆಗೆ ಬರಿಗೈಯಲ್ಲಿ ಮಾಡಲು ಹೊರಟರೆ ಏನೇನು ತಿಳಿದಿರಬೇಕು? ಮೊದಲು ಚಕ್ರ. ನಡುವೆ ಗುಂಬ, ಅದರಿಂದ ಹೊರಟ ಅರೆಗಳು, ಅವುಗಳ ತುದಿಗೆ ಬಾಗಿದ ಮರದ ತುಂಡುಗಳ ಸುತ್ತು, ಅದರ ಮೇಲೆ ಕಬ್ಬಿಣದ ಪಟ್ಟಿ. ಒಂದೊಂದು ತುಂಡಿಗೆ ಎರಡೆರಡು ಅರೆ ಕೂರಿಸುವುದು ರೂಢಿ, ಆರು ತುಂಡಿನ ಚಕ್ರವಾದರೆ 12 ಅರೆ. ಸುತ್ತಿನ ತುಂಡುಗಳ ನಡುವಿನ ಸೇರುವೆ ಅರೆಯ ನೆತ್ತಿಯ ಮೇಲೆ ಬರಬಾರದು; ಎರಡು ಅರೆಗಳ ಮಧ್ಯಕ್ಕೆ ಬರಬೇಕು. ಐದು ಅಡಿ ಎತ್ತರದ ಚಕ್ರ ಈ ಅಳತೆಯಲ್ಲಿ ಆರು ಸೆಂಟಿಮೀಟರ್. ಎರಡು ಅಂಗುಲದ ಪಟ್ಟಿ ಎರಡು ಮಿಲಿಮೀಟರ್. ಗೇಣುದ್ದಕ್ಕಿಂತ ಕಿರಿದಾದ ಕಡಾಣಿ ಒಂಬತ್ತು ಮಿಲಿಮೀಟರ್ ಮೀರುವುದಿಲ್ಲ.

ಕಬ್ಬಿಣದ ಪಟ್ಟಿ ತೊಡಿಸುವುದೇ ಒಂದು ವಿದ್ಯೆ. ಕಮ್ಮಾರ ಪಟ್ಟಿಯನ್ನು ಚಕ್ರದ ಸುತ್ತಳತೆಗಿಂತ ತುಸು ಕಡಿಮೆ ಮಾಡಿ ಬಳೆಯಾಗಿ ಬೆಸೆಯುತ್ತಿದ್ದ. ಬೆರಣಿ, ಸೌದೆ ಒಟ್ಟಿ ಅದನ್ನು ಕೆಂಪಗೆ ಕಾಯಿಸಿದರೆ ಬಳೆ ಹಿಗ್ಗುತ್ತದೆ. ಮೂರ್ನಾಲ್ಕು ಜನ ಇಕ್ಕಳದಲ್ಲಿ ಹಿಡಿದು ತಂದು ಚಕ್ರಕ್ಕೆ ತೊಡಿಸಿದ ಕೂಡಲೇ ನೀರು ಹೊಯ್ಯುತ್ತಾರೆ. ಕುಗ್ಗುವ ಕಬ್ಬಿಣ ಎಲ್ಲ ಕೂಡುಗಳನ್ನೂ ಒಳಕ್ಕೆ ಬಿಗಿಯುತ್ತದೆ. ಬೇಸಗೆಯಲ್ಲಿ ಮರ ಒಣಗಿ ಪಟ್ಟಿ ಸಡಿಲವಾದರೆ ಗಾಡಿಯನ್ನು ಹೊಳೆಗೆ ಇಳಿಸಿ ನಿಲ್ಲಿಸುತ್ತಿದ್ದುದೂ ಇದಕ್ಕಾಗಿಯೇ: ನೀರು ಕುಡಿದ ಮರ ಉಬ್ಬಿ ಮತ್ತೆ ಹಿಡಿತ ಬರುತ್ತದೆ. ಪ್ರತಿಕೃತಿಯಲ್ಲಿ ಪಟ್ಟಿಯ ಬೆಸುಗೆಯ ಗಂಟನ್ನು ತೋರಿಸುವವನಿಗೆ ಇಷ್ಟೂ ಗೊತ್ತಿರಬೇಕು.

ಇನ್ನು ಗಾಡಿಯ ಕೆಳಗೆ ತೂಗುವ ಬಿದಿರ ಗೊಟ್ಟ. ಅದರಲ್ಲಿ ಕೀಲೆಣ್ಣೆ. ಎಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿದ ಆ ಕಪ್ಪು ಅಂಟನ್ನು ಇರುಸಿಗೆ ಸವರದಿದ್ದರೆ ಗಾಲಿ ಊರಿಗೆಲ್ಲ ಕೇಳುವಂತೆ ಕಿರುಗುಟ್ಟುತ್ತಿತ್ತು. ಡ್ರ್ಯಾಗ್ ಕಾರಿನ ಹವ್ಯಾಸಿ ಎಂಜಿನ್ನಿನ ಮೇಲೆ ಎಣ್ಣೆಯ ಕಲೆ ಬಳಿಯುವಂತೆ, ಗಾಡಿ ಮಾಡುವವನು ಗುಂಬದ ಬಾಯಿಗೆ ಕೀಲೆಣ್ಣೆಯ ಕಪ್ಪು ಬಳಿಯಬೇಕಾಗುತ್ತದೆ. ಕಡಾಣಿಯ ಮಹತ್ವವಂತೂ ಪುರಾಣಕ್ಕೇ ಏರಿದೆ. ಯುದ್ಧದ ನಡುವೆ ದಶರಥನ ರಥದ ಕೀಲು ಕಳಚಿದಾಗ ಕೈಕೇಯಿ ತನ್ನ ಬೆರಳನ್ನೇ ಅದರ ಜಾಗಕ್ಕೆ ಕೊಟ್ಟು ಎರಡು ವರ ಪಡೆದಳೆಂಬ ಕಥೆ ಜನರ ಬಾಯಲ್ಲಿ ಉಳಿದಿದೆ. ರಾಮಾಯಣದ ಕಾಡಿನ ದಾರಿ ಒಂದು ಕೀಲಿನಿಂದ ಶುರುವಾಯಿತು ಎನ್ನುವ ಜನಕ್ಕೆ ಗಾಡಿಯ ಮರ್ಮ ತಿಳಿದಿತ್ತು.

ಕಾರಿನಂತೆ ಗಾಡಿಗೂ ಕಾಲದ ಗುರುತುಗಳಿವೆ. ಮರದ ಇರುಸಿನ ಜಾಗಕ್ಕೆ ಕಬ್ಬಿಣದ ಇರುಸು ಬಂತು. ಆಮೇಲೆ ಗಾಳಿ ತುಂಬಿದ ಟೈರಿನ ಗಾಡಿ ಬಂದು ಅರೆಗಳ ಚಕ್ರವನ್ನೇ ತೆಗೆದುಹಾಕಿತು. ಬೆಂಗಳೂರಿನ ಐಐಎಂನ ಮೊದಲ ನಿರ್ದೇಶಕರಾಗಿದ್ದ ಎನ್.ಎಸ್. ರಾಮಸ್ವಾಮಿ 1970ರ ದಶಕದಿಂದ ಎತ್ತಿನ ಗಾಡಿಯ ಸುಧಾರಣೆಗಾಗಿ ದುಡಿದರು. ಎತ್ತಿನ ಹೆಗಲ ಮೇಲೆ ಬೀಳುವ ಭಾರ, ನೊಗದ ಉಜ್ಜುವಿಕೆಯಿಂದಾಗುವ ಹುಣ್ಣು ಅವರ ಕಳಕಳಿಯಾಗಿತ್ತು. ಹಳೆಯ ಗಾಡಿಯ ವಿವರ ಉಳಿಸಬೇಕೆನ್ನುವವರು ಇದನ್ನೂ ಮರೆಯುವಂತಿಲ್ಲ. ನಿಖರವಾದ ಪ್ರತಿಕೃತಿ ಗಾಡಿಯ ಜಾಣತನದ ಜೊತೆಗೆ ಅದರ ಕುಂದನ್ನೂ ತೋರಿಸುತ್ತದೆ.

ಸೌದೆಯಾಗುವ ಮುನ್ನ

ಇಂದು ಹುಣಸೂರು, ಪಿರಿಯಾಪಟ್ಟಣಗಳ ಹೊಗೆಸೊಪ್ಪು ಟ್ರ್ಯಾಕ್ಟರಿನಲ್ಲಿ, ಸರಕಿನ ಆಟೋಗಳಲ್ಲಿ ಸಾಗುತ್ತದೆ. ಓಟದ ಬಯಲಿನಲ್ಲಿ ಗಾಡಿ ಮತ್ತೆ ಕಾಣಿಸುವುದು ನಿಜ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು ಇಂಥ ಓಟಗಳಿಗೆ ತಡೆ ಹಾಕಿತ್ತು. ಕರ್ನಾಟಕ ಕಾನೂನಿಗೆ ತಿದ್ದುಪಡಿ ತಂದು ಕಂಬಳಕ್ಕೂ ಎತ್ತಿನ ಗಾಡಿ ಓಟಕ್ಕೂ ಷರತ್ತಿನ ಅವಕಾಶ ಕೊಟ್ಟಿತು, 2023ರ ಮೇ ತಿಂಗಳಲ್ಲಿ ಸಂವಿಧಾನ ಪೀಠ ಅದನ್ನು ಎತ್ತಿಹಿಡಿಯಿತು. ಆದರೆ ಓಟದ ಗಾಡಿ ವೇಗಕ್ಕಾಗಿ ಹಗುರಗೊಳಿಸಿದ ಗಾಡಿ. ಘಟ್ಟ ಹತ್ತಿ ಇಳಿದ ಹೊರೆಗಾಡಿಯ ಅಳತೆ ಅದರಲ್ಲಿ ಸಿಗುವುದಿಲ್ಲ.

ಮೈಸೂರು ವಿಶ್ವವಿದ್ಯಾನಿಲಯದ ಜಾನಪದ ವಸ್ತುಸಂಗ್ರಹಾಲಯ, ರಾಮನಗರದ ಬಳಿಯ ಜಾನಪದ ಲೋಕದಂಥ ಸಂಸ್ಥೆಗಳು ಹಳ್ಳಿಯ ಬದುಕಿನ ವಸ್ತುಗಳನ್ನು ಕಾಪಾಡಿವೆ. ಆದರೆ ಊರಿಗೊಂದು ಬಗೆಯಿದ್ದ ಗಾಡಿಗಳನ್ನೆಲ್ಲ ಇಡಲು ಯಾವ ಕಟ್ಟಡವೂ ಸಾಲದು. 25ಕ್ಕೆ 1ರ ಗಾಡಿಯಾದರೆ ಶಾಲೆಯ ಒಂದು ಕಪಾಟಿನಲ್ಲಿ ನಾಲ್ಕು ತಾಲ್ಲೂಕಿನವೂ ಹಿಡಿಸುತ್ತವೆ. ಅದಕ್ಕೆ ಬೇಕಾದ ಸಾಮಗ್ರಿ ದುಬಾರಿಯಲ್ಲ: ಬಿದಿರು, ತಗಡಿನ ಚೂರು, ಸೆಣಬಿನ ದಾರ, ತಾಮ್ರದ ತಂತಿ, ಒಂದು ಅಳತೆ ಪಟ್ಟಿ. ದುಬಾರಿಯಾಗುತ್ತಿರುವುದು ತಿಳಿವಳಿಕೆ. ಗುಂಬಕ್ಕೆ ಯಾವ ಮರ, ಅರೆಯ ಕೂಡು ಎಷ್ಟು ಆಳ, ಮೂಕಿಗೂ ನೊಗಕ್ಕೂ ಹಗ್ಗ ಬಿಗಿಯುವ ಗಂಟು ಯಾವುದು, ಯಾವ ಭಾಗಕ್ಕೆ ಯಾವ ಊರಿನಲ್ಲಿ ಏನು ಹೆಸರು ಎಂದು ಹೇಳಬಲ್ಲ ಆಚಾರಿಗಳು, ಗಾಡಿ ಹೊಡೆದ ಹಿರಿಯರು ಈಗ ಎಲ್ಲೋ ಒಬ್ಬಿಬ್ಬರು.

ಅನೇಕ ಮನೆಗಳ ಹಿತ್ತಿಲಿನಲ್ಲಿ, ದನದ ಕೊಟ್ಟಿಗೆಯ ಗೋಡೆಗೆ ಒರಗಿಸಿದ ಹಳೆಯ ಚಕ್ರ ಇನ್ನೂ ಉಂಟು. ಕೆಲವು ಹೋಟೆಲು, ರೆಸಾರ್ಟುಗಳ ಬಾಗಿಲಿಗೆ ಅಲಂಕಾರವಾಗಿ ಹೋಗುತ್ತವೆ, ಉಳಿದವು ಒಲೆಗೆ. ಹಾಗೆ ಹೋಗುವ ಮೊದಲು ಅರೆಗಳನ್ನು ಎಣಿಸಿ, ಅಳತೆ ಬರೆದು, ಮನೆಯ ಅಜ್ಜನನ್ನು ಕೇಳಿ ಒಂದೊಂದು ಭಾಗದ ಹೆಸರನ್ನು ಅದರ ಮುಂದೆ ಗುರುತು ಹಾಕಿಕೊಂಡರೆ, ಮುಂದೆ ಎಂದಾದರೂ ಆ ಗಾಡಿಯನ್ನು ಅಂಗೈಯಗಲದಲ್ಲಿ ಕಟ್ಟುವವನಿಗೆ ಕಡಾಣಿ ಎಲ್ಲಿ ಚುಚ್ಚಬೇಕೆಂದು ತಿಳಿದಿರುತ್ತದೆ.